ಇಬ್ಬರು ಗ್ರೇಬರ್ನ್‌ಗಳು, ಒಂದು ಬ್ಯಾಂಕು

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಓಡಾಡಿದವರಿಗೆ ಕೆಂಪು-ಬಿಳಿ ಷಟ್ಕೋನದ ಗುರುತು ಹೊತ್ತ ಎಚ್‌ಎಸ್‌ಬಿಸಿ ಬ್ಯಾಂಕು ಗೊತ್ತಿರುತ್ತದೆ. ನಗರದಲ್ಲಿರುವ ಅದರ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಲಂಡನ್ನಿನ, ಹಾಂಗ್‌ಕಾಂಗಿನ ಲೆಕ್ಕ ನೋಡುವ ನಮ್ಮ ಹುಡುಗ ಹುಡುಗಿಯರೂ ಬೇಕಾದಷ್ಟು ಮಂದಿ ಇದ್ದಾರೆ. 1865ರಲ್ಲಿ ಹಾಂಗ್‌ಕಾಂಗ್ ಮತ್ತು ಶಾಂಘೈನಲ್ಲಿ ಬಾಗಿಲು ತೆರೆದ ಈ ಬ್ಯಾಂಕಿನ ಇಬ್ಬರು ನೌಕರರು ಎರಡನೇ ಮಹಾಯುದ್ಧದಲ್ಲಿ ತೀರಿಕೊಂಡರು. ಒಬ್ಬರು 1943ರ ಆಗಸ್ಟ್‌ನಲ್ಲಿ, ಇನ್ನೊಬ್ಬ 1944ರ ಸೆಪ್ಟೆಂಬರ್‌ನಲ್ಲಿ. ಮೊದಲನೆಯವರು ಇಡೀ ಬ್ಯಾಂಕಿನ ಮುಖ್ಯಸ್ಥ, ಅರವತ್ತು ದಾಟಿದವರು. ಎರಡನೆಯವನು ಲಂಡನ್ ಕಚೇರಿಯಲ್ಲಿ ಕೆಲಸಕ್ಕಿದ್ದು ಸೈನ್ಯ ಸೇರಿದ 26ರ ಯುವಕ. ಆ ಯುವಕ ಹಿರಿಯರ ಸೋದರನ ಮಗ.

ಯುವಕನಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅವನು ಯಾವ ದಿನ ಯಾವ ಮನೆಯಲ್ಲಿದ್ದ, ಎಷ್ಟು ಸಲ ಗಾಯಗೊಂಡ, ಯಾವ ಕ್ಷಣದಲ್ಲಿ ಎದ್ದು ನಿಂತ ಎಂಬುದೆಲ್ಲ ಸರ್ಕಾರಿ ಗೆಜೆಟ್ಟಿನಲ್ಲಿ ಅಚ್ಚಾಗಿದೆ. ಹಿರಿಯರು ಮಾಡಿದ ಕೆಲಸಕ್ಕೆ ಅಂಥ ದಾಖಲೆ ಹುಟ್ಟುವಂತೆಯೇ ಇರಲಿಲ್ಲ. ಬರೆದಿಟ್ಟರೆ ಜನ ಸಾಯುತ್ತಿದ್ದರು. ಒಂದು ಪೈಸೆ ಹೆಚ್ಚುಕಡಿಮೆಯಾದರೂ ಸಂಜೆ ಮನೆಗೆ ಹೋಗದೆ ಲೆಡ್ಜರ್ ತಡಕುವುದನ್ನು ಜೀವನಪೂರ್ತಿ ಕಲಿತ, ಕಲಿಸಿದ ಮನುಷ್ಯರೊಬ್ಬರು ಲೆಕ್ಕವಿಡದೆ ಹಣ ಹಂಚಿ ಪ್ರಾಣ ಬಿಟ್ಟರು. ಹುತಾತ್ಮರ ಹೆಸರಿನಲ್ಲಿ ಕಲ್ಲು ನೆಡುವಾಗ ನಾವು ಯಾರ ಸಾಹಸಕ್ಕೆ ಸಾಕ್ಷಿ ಪತ್ರ ಇದೆಯೋ ಅವರ ಹತ್ತಿರ ಮೊದಲು ಹೋಗುತ್ತೇವೆ. ಇಲ್ಲಿ ಇಬ್ಬರನ್ನೂ ಒಟ್ಟಿಗೆ ನೋಡೋಣ.

ಜಾನ್ ಹಾಲಿಂಗ್ಟನ್ ಗ್ರೇಬರ್ನ್ ಎಲ್ಲರಿಗೂ ಜ್ಯಾಕ್. ಹುಟ್ಟಿದ್ದು 1918ರ ಜನವರಿ 30ರಂದು, ಅವಿಭಜಿತ ಭಾರತದ ಕರಾಚಿ ಬಂದರಿನ ಬಾಯಿಗೆ ಕಾವಲು ಕೂತಂತಿರುವ ಮನೋರಾ ದ್ವೀಪದಲ್ಲಿ. ಓದಿದ್ದು ಇಂಗ್ಲೆಂಡಿನ ಶೆರ್ಬೋರ್ನ್ ಶಾಲೆಯಲ್ಲಿ. ಆಮೇಲೆ ಹಾಂಗ್‌ಕಾಂಗ್ ಬ್ಯಾಂಕಿನ ಲಂಡನ್ ಕಚೇರಿ ಸೇರಿದ. ಪೂರ್ವದೇಶಗಳಿಗೆ ಹೋಗುವ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದದ್ದು ಈ ಕಚೇರಿಯೇ. ಶಾಲೆ ಮುಗಿಸಿದ ಹುಡುಗರು ಇಲ್ಲಿ ಒಂದೊಂದು ವಿಭಾಗದಲ್ಲಿ ಕೆಲವು ತಿಂಗಳು ಪೆನ್ನು ಸವೆಸಿ, ಒಂದು ದಿನ ಹಡಗು ಹತ್ತುತ್ತಿದ್ದರು. ಆ ಬೇಸರವನ್ನು ಲೋಕಕ್ಕೆಲ್ಲ ನಗೆಯಾಗಿ ಹಂಚಿದವರು ಪಿ.ಜಿ. ವುಡ್‌ಹೌಸ್. 1900ರಲ್ಲಿ ಇದೇ ಬ್ಯಾಂಕಿನ ಲಂಡನ್ ಕಚೇರಿ ಸೇರಿ ಎರಡೇ ವರ್ಷಕ್ಕೆ ಬಿಟ್ಟು, ಆ ದಿನಗಳನ್ನು ‘ಸ್ಮಿತ್ ಇನ್ ದ ಸಿಟಿ’ ಕಾದಂಬರಿಯಾಗಿ ಬರೆದರು. ಅಲ್ಲಿನ ಹುಡುಗರ ಮನಸ್ಸು ಲೆಡ್ಜರಿಗಿಂತ ಆಟದ ಮೈದಾನದಲ್ಲೇ ಹೆಚ್ಚು. ಜ್ಯಾಕ್ ಕೂಡ ಆಟಗಾರ. ಚಿಲ್ಟರ್ನ್ ರಗ್ಬಿ ಕ್ಲಬ್ಬಿನಲ್ಲಿ ಆಡುತ್ತಿದ್ದ.

ಯುದ್ಧ ಬಂತು. ಆಕ್ಸ್‌ಫರ್ಡ್‌ಶೈರ್ ಅಂಡ್ ಬಕಿಂಗ್‌ಹ್ಯಾಮ್‌ಶೈರ್ ಲೈಟ್ ಇನ್‌ಫೆಂಟ್ರಿಯಲ್ಲಿ ಅಧಿಕಾರಿಯಾದ. ಆದರೆ ವರ್ಷಗಟ್ಟಲೆ ಅವನ ಪಾಲಿಗೆ ಬಂದದ್ದು ಇಂಗ್ಲೆಂಡಿನ ನೆಲದ ಮೇಲಿನ ತಾಲೀಮು. ರಣರಂಗ ಕಾಣದೆ ಸಾಕಾಗಿ 1943ರಲ್ಲಿ ಪ್ಯಾರಾಚೂಟ್ ರೆಜಿಮೆಂಟಿಗೆ ಹೋದ. ಅಷ್ಟರಲ್ಲಿ ಮದುವೆಯಾಗಿತ್ತು. ಅವನಿಗೊಬ್ಬ ಮಗ. ಕೊನೆಗೆ 2ನೇ ಪ್ಯಾರಾಚೂಟ್ ಬೆಟಾಲಿಯನ್ನಿನ ‘ಎ’ ಕಂಪನಿಯಲ್ಲಿ ಒಂದು ಪ್ಲಟೂನಿನ ನಾಯಕನಾದ. ಮೊದಲ ಬಾರಿಗೆ ಶತ್ರುವಿನ ಎದುರು ನಿಲ್ಲುವ ಹೊತ್ತಿಗೆ ಅವನ ಬದುಕಿನಲ್ಲಿ ಉಳಿದಿದ್ದದ್ದು ಮೂರು ದಿನ.

‘ಗಾಂಧಿ’ ಚಿತ್ರ ತೆಗೆಯುವ ಮುಂಚೆ ರಿಚರ್ಡ್ ಅಟೆನ್‌ಬರೋ 1977ರಲ್ಲಿ ‘ಎ ಬ್ರಿಜ್ ಟೂ ಫಾರ್’ ಎಂಬ ದೊಡ್ಡ ತಾರಾಗಣದ ಯುದ್ಧಚಿತ್ರ ಮಾಡಿದ್ದರು. ಅದನ್ನು ನೋಡಿದವರಿಗೆ ಆರ್ನೆಮ್ ಸೇತುವೆ ನೆನಪಿರಬಹುದು. 1944ರ ಸೆಪ್ಟೆಂಬರ್‌ನಲ್ಲಿ ಮಿತ್ರಪಡೆಗಳ ಯೋಜನೆ ಹೀಗಿತ್ತು. ಹಾಲೆಂಡಿನ ನದಿ-ಕಾಲುವೆಗಳ ಮೇಲಿನ ಸೇತುವೆಗಳನ್ನು ಒಂದೇ ಏಟಿಗೆ ಆಕಾಶದಿಂದ ಇಳಿದು ಹಿಡಿಯುವುದು, ಟ್ಯಾಂಕುಗಳು ನೆಲದ ಮೇಲೆ ಒಂದೇ ರಸ್ತೆಯಲ್ಲಿ ಓಡೋಡಿ ಬಂದು ಅವುಗಳನ್ನು ಸೇರುವುದು, ರೈನ್ ನದಿ ದಾಟಿ ಜರ್ಮನಿಯೊಳಕ್ಕೆ ನುಗ್ಗುವುದು. ಕಟ್ಟಕಡೆಯ ಸೇತುವೆ ಆರ್ನೆಮ್ ಊರಿನದು. ಅದು ಬ್ರಿಟಿಷ್ ಪ್ಯಾರಾಚೂಟ್ ಪಡೆಯ ಪಾಲು. ಎರಡು ದಿನ ಹಿಡಿದುಕೊಂಡರೆ ಸಾಕು, ಟ್ಯಾಂಕುಗಳು ಬರುತ್ತವೆ ಎಂದಿದ್ದರು.

ಸೆಪ್ಟೆಂಬರ್ 17ರ ಭಾನುವಾರ ಮಧ್ಯಾಹ್ನ ಇಳಿದದ್ದು ಸೇತುವೆಯಿಂದ ಹನ್ನೆರಡು-ಹದಿಮೂರು ಕಿಲೋಮೀಟರ್ ದೂರದಲ್ಲಿ. ಅಲ್ಲಿಂದ ನಡಿಗೆ. ಲೆಫ್ಟಿನೆಂಟ್ ಕರ್ನಲ್ ಜಾನ್ ಫ್ರಾಸ್ಟ್ ಅವರ 2ನೇ ಬೆಟಾಲಿಯನ್ ನದಿದಂಡೆಯ ರಸ್ತೆ ಹಿಡಿದು ಕತ್ತಲಾಗುವ ಹೊತ್ತಿಗೆ ಸೇತುವೆಯ ಉತ್ತರ ತುದಿ ಮುಟ್ಟಿತು. ಉಳಿದ ಬೆಟಾಲಿಯನ್ನುಗಳನ್ನು ಜರ್ಮನ್ನರು ದಾರಿಯಲ್ಲೇ ತಡೆದರು. ಸೇತುವೆಯ ಬಳಿ ಸೇರಿದವರು ಎಲ್ಲ ಸೇರಿ ಸುಮಾರು 740 ಮಂದಿ.

ದಕ್ಷಿಣ ತುದಿ ಇನ್ನೂ ಜರ್ಮನ್ನರ ಕೈಯಲ್ಲಿತ್ತು. ಅದನ್ನು ಹಿಡಿಯಲು ಜ್ಯಾಕ್‌ನ ಪ್ಲಟೂನನ್ನು ಕಳಿಸಿದರು. ಸೇತುವೆ ಎಂದರೆ ಬಟಾಬಯಲು. ಮರೆಯಾಗಲು ಕಂಬಿಗಳು ಬಿಟ್ಟರೆ ಏನೂ ಇಲ್ಲ. ಎದುರಿಗೆ ಎರಡು 20 ಮಿಲಿಮೀಟರ್ ತೋಪುಗಳು, ಒಂದು ಕವಚದ ವಾಹನದಿಂದ ಮೆಷಿನ್‌ಗನ್ ದಾಳಿ. ಹೊರಟ ಕೂಡಲೇ ಜ್ಯಾಕ್‌ನ ಭುಜಕ್ಕೆ ಗುಂಡು ತಾಗಿತು. ಆದರೂ ಮುಂದಕ್ಕೇ ಹೋದ. ಸಾವುನೋವು ಹೆಚ್ಚಾಗಿ ಹಿಂದೆ ಸರಿಯುವಂತೆ ಆಜ್ಞೆ ಬಂದಾಗ ಎಲ್ಲರನ್ನೂ ಮುಂದೆ ಕಳಿಸಿ ಕೊನೆಯವನಾಗಿ ಸೇತುವೆ ಬಿಟ್ಟ.

ಮುಂದಿನ ಕೆಲಸ ಸೇತುವೆಗೆ ಹತ್ತಿರದ ಒಂದು ಮನೆಯನ್ನು ಕಾಯುವುದು. ಆ ಮನೆ ಕೈಬಿಟ್ಟರೆ ಸೇತುವೆಯೇ ಕೈಬಿಟ್ಟಂತೆ. ಕಾಯಲು ಅನುಕೂಲವಿಲ್ಲದ, ಎಲ್ಲ ಕಡೆಯಿಂದಲೂ ಗುಂಡಿಗೆ ತೆರೆದ ಕಟ್ಟಡ ಅದು. 18ರಂದೂ 19ರಂದೂ ಕಾಲಾಳುಗಳು, ಮಾರ್ಟರುಗಳು, ಟ್ಯಾಂಕುಗಳು ಸರದಿಯ ಮೇಲೆ ಅದರ ಮೇಲೆ ಬಂದವು. ಕೊನೆಗೆ ಮನೆಗೆ ಬೆಂಕಿ ಬಿದ್ದು ಅದು ಉಳಿಯಲಿಲ್ಲ. ಅಲ್ಲಲ್ಲಿ ಉಳಿದಿದ್ದ ಸೈನಿಕರನ್ನು ಕೂಡಿಸಿ ಜ್ಯಾಕ್ ಮತ್ತೆ ಒಂದು ತಂಡ ಕಟ್ಟಿದ. ಜರ್ಮನ್ನರು ಸೇತುವೆಯ ಕೆಳಗೆ ಸ್ಫೋಟಕ ಇಡುತ್ತಿರುವುದು ಕಂಡಿತು. ತಂಡ ಕಟ್ಟಿಕೊಂಡು ಹೋಗಿ ಅವರನ್ನು ಅಟ್ಟಿದ. ಎಂಜಿನಿಯರುಗಳು ಸ್ಫೋಟಕಗಳ ಬತ್ತಿ ಕೀಳಲು ಅಷ್ಟು ಸಮಯ ಸಾಕಾಯಿತು. ಅಲ್ಲಿ ಎರಡನೇ ಸಲ, ಬೆನ್ನಿಗೆ ಗಾಯವಾಯಿತು. ಚಿಕಿತ್ಸೆಯ ಜಾಗಕ್ಕೆ ಹೋಗಲು ಒಪ್ಪಲಿಲ್ಲ. ಸೆಪ್ಟೆಂಬರ್ 20ರಂದು ಟ್ಯಾಂಕೊಂದು ತೀರ ಸಮೀಪಕ್ಕೆ ಬಂತು. ಅದನ್ನು ತಡೆಯುವ ಆಯುಧ ಯಾರ ಬಳಿಯೂ ಉಳಿದಿರಲಿಲ್ಲ. ತನ್ನವರು ಹಿಂದಿನ ಸಾಲಿಗೆ ಸರಿಯಲಿ ಎಂದು ಜ್ಯಾಕ್ ಟ್ಯಾಂಕಿಗೆ ಕಾಣುವಂತೆಯೇ ಎದ್ದು ನಿಂತು ದಾರಿ ತೋರಿಸಿದ. ಆ ರಾತ್ರಿ ಟ್ಯಾಂಕಿನ ಗುಂಡಿಗೆ ಸತ್ತ.

ಸೇತುವೆ ಉಳಿಯಲಿಲ್ಲ. ಟ್ಯಾಂಕುಗಳು ಸಮಯಕ್ಕೆ ಬರಲಿಲ್ಲ. ಆಕಾಶದಿಂದ ಇಳಿದ ಸುಮಾರು ಹತ್ತು ಸಾವಿರ ಮಂದಿಯಲ್ಲಿ ನದಿ ದಾಟಿ ಹಿಂದಿರುಗಿದವರು ಕಾಲುಭಾಗ ಮಾತ್ರ. ಆರ್ನೆಮ್ ಕಾಳಗಕ್ಕೆ ಐದು ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಐವರಲ್ಲಿ ಪದಕ ಪಡೆಯಲು ಬದುಕಿದ್ದವರು ಒಬ್ಬರೇ.

ಇಲ್ಲೊಂದು ವಿಷಯ ಗಮನಿಸಬೇಕು. ಜ್ಯಾಕ್‌ಗೆ ಪದಕ ಘೋಷಿಸಿದ ಗೆಜೆಟ್ 1945ರ ಜನವರಿ 25ರದ್ದು. ಯುದ್ಧ ಇನ್ನೂ ನಡೆಯುತ್ತಿತ್ತು. ಸೇತುವೆಯ ಬಳಿ ಅವನ ಜೊತೆ ಕಾದಿದವರಲ್ಲಿ ಸತ್ತವರು ಸತ್ತಿದ್ದರು, ಉಳಿದವರಲ್ಲಿ ಹೆಚ್ಚಿನವರು ಜರ್ಮನ್ ಸೆರೆಯಲ್ಲಿದ್ದರು. ಕರ್ನಲ್ ಫ್ರಾಸ್ಟ್ ಕೂಡ ಸೆರೆಯಾಳು. ಸೆರೆ ತಪ್ಪಿಸಿಕೊಂಡು ಬಂದು ಹೇಳುವವರಿಲ್ಲದಿದ್ದರೆ ಆ ಉಲ್ಲೇಖ ಅಷ್ಟು ಬೇಗ ಬರೆಯಲು ಆಗುತ್ತಿರಲಿಲ್ಲ. ಹಾಗೆ ಬಂದವರಲ್ಲಿ ಜ್ಯಾಕ್‌ನ ಕಂಪನಿ ಕಮಾಂಡರ್ ಮೇಜರ್ ಡಿಗ್ಬಿ ಟೇಥಮ್-ವಾರ್ಟರ್ ಒಬ್ಬರು. ಗುಪ್ತ ಸಂಕೇತದ ಮಾತು ನೆನಪಿರುವುದಿಲ್ಲ, ಕೊಡೆ ಹಿಡಿದವನನ್ನು ನೋಡಿದರೆ ಯಾರೂ ಜರ್ಮನ್ ಅಂದುಕೊಳ್ಳಲಾರರು ಎಂದು ಕಾಳಗದ ನಡುವೆ ಕೊಡೆ ಹಿಡಿದು ಓಡಾಡಿದ ಮಹಾಶಯ ಇವರೇ. ಗಾಯಗೊಂಡು ಸಿಕ್ಕಿಬಿದ್ದ ಮೇಲೆ ಆಸ್ಪತ್ರೆಯ ಕಿಟಕಿಯಿಂದ ಹಾರಿ, ಡಚ್ ಭೂಗತ ಹೋರಾಟಗಾರರ ಆಸರೆಯಲ್ಲಿ ತಲೆಮರೆಸಿಕೊಂಡು, ಅಕ್ಟೋಬರ್‌ನಲ್ಲಿ ನೂರಕ್ಕೂ ಹೆಚ್ಚು ಜನರೊಂದಿಗೆ ರೈನ್ ದಾಟಿ ಬಂದರು. ಸಾಹಸ ಸಾಹಸವಾಗಿ ಉಳಿಯಲು ಕಣ್ಣಾರೆ ಕಂಡವನು ಬೇಕು, ಅವನು ಬದುಕಬೇಕು, ಅವನ ಮಾತನ್ನು ಬರೆದುಕೊಳ್ಳುವ ಕಚೇರಿ ಇರಬೇಕು. ಜ್ಯಾಕ್‌ಗೆ ಮೂರೂ ಒದಗಿದವು. ಮರಣಾನಂತರ ಕ್ಯಾಪ್ಟನ್ ಪದವಿಯನ್ನೂ ಕೊಟ್ಟರು. ಆರ್ನೆಮ್ ಪಕ್ಕದ ಓಸ್ಟರ್‌ಬೀಕ್ ಯುದ್ಧ ಸ್ಮಶಾನದಲ್ಲಿ ಅವನ ಗೋರಿಯಿದೆ. ಅಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲೂ ಊರಿನ ಶಾಲೆಯ ಮಕ್ಕಳು ಬಂದು ಒಂದೊಂದು ಗೋರಿಗೂ ಹೂವಿಡುತ್ತಾರೆ. 1945ರಿಂದ ನಡೆದುಬಂದ ಪದ್ಧತಿ.

ಇನ್ನು ಹಿರಿಯರ ಕಥೆ. ಇದು ನನಗೆ ಹೆಚ್ಚು ಕಾಡುವ ಕಥೆ. ಒಂದು ಕಾರಣ, ಸರ್ ವ್ಯಾಂಡಲರ್ ಗ್ರೇಬರ್ನ್ ಸುಲಭಕ್ಕೆ ಇಷ್ಟವಾಗುವ ಮನುಷ್ಯ ಅಲ್ಲದಿರುವುದು.

ಅವರು 1930ರಿಂದ ಹಾಂಗ್‌ಕಾಂಗ್ ಬ್ಯಾಂಕಿನ ಚೀಫ್ ಮ್ಯಾನೇಜರ್. ಚೀನಾದ ಕಡಲತೀರದಲ್ಲಿ ಆ ಹುದ್ದೆಯ ಗತ್ತು ಗವರ್ನರನಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ. 1935ರಲ್ಲಿ ಬ್ಯಾಂಕಿಗೆ ಹೊಸ ಕಟ್ಟಡ ಕಟ್ಟಿಸಿದರು. ಜಗತ್ತಿನಲ್ಲೇ ಶ್ರೇಷ್ಠವಾದ ಬ್ಯಾಂಕ್ ಕಟ್ಟಡ ಬೇಕು ಎಂಬುದು ವಾಸ್ತುಶಿಲ್ಪಿಗಳಿಗೆ ಅವರ ಬೇಡಿಕೆ. ಕೈರೋದಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಅಷ್ಟೆತ್ತರದ್ದು ಇನ್ನೊಂದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಎರಡು ಕಂಚಿನ ಸಿಂಹಗಳು. ಹಳೆಯ ಇಬ್ಬರು ಮ್ಯಾನೇಜರುಗಳ ನೆನಪಿಗೆ ಒಂದಕ್ಕೆ ಸ್ಟೀಫನ್, ಇನ್ನೊಂದಕ್ಕೆ ಸ್ಟಿಟ್ ಎಂದು ಹೆಸರು. ಬೆಳ್ಳಿಯ ಬೆಲೆ ಏರಿಳಿದು, ಜಪಾನ್ ಚೀನಾದೊಳಗೆ ನುಗ್ಗಿ, ವ್ಯಾಪಾರವೆಲ್ಲ ತಲೆಕೆಳಗಾದ ಆ ದಶಕದಲ್ಲಿ ಬ್ಯಾಂಕನ್ನು ಮುಳುಗದಂತೆ ಸಾಗಿಸಿದ್ದು ಅವರ ಹೆಗ್ಗಳಿಕೆ.

ಮನುಷ್ಯ ಮಾತ್ರ ಒರಟು. ತನ್ನ ಕಾಲದ, ತನ್ನ ಜಾತಿಯ ಸಾಹೇಬ. ಬ್ಯಾಂಕಿನ ಕಿರಿಯ ಅಧಿಕಾರಿಗಳು ಮೇಲಿನವರ ಅಪ್ಪಣೆಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಬ್ರಿಟಿಷರಲ್ಲದ ಹೆಣ್ಣು, ಸ್ಥಳೀಯ ಹೆಣ್ಣು, ಮಿಶ್ರ ರಕ್ತದ ಹೆಣ್ಣು ಯಾವ ಕಾರಣಕ್ಕೂ ಸಲ್ಲದು ಎಂದು 1937ರಲ್ಲಿ ಬರವಣಿಗೆಯಲ್ಲೇ ಹೇಳಿದವರು ಗ್ರೇಬರ್ನ್. ಅವರ ಬ್ಯಾಂಕಿನಲ್ಲಿ ಅಧಿಕಾರವೆಲ್ಲ ಬಿಳಿಯರದು, ಗುಮಾಸ್ತಿಕೆ ಮಕಾವ್ ಮೂಲದ ಪೋರ್ಚುಗೀಸರದು, ಚೀನೀ ಗಿರಾಕಿಗಳ ವ್ಯವಹಾರ ನೋಡಲು ಚೀನೀ ಕಾಂಪ್ರದೋರ್ ಮತ್ತವನ ಆಳುಗಳು, ಬಾಗಿಲು ಕಾಯಲು ಸಿಖ್ಖರು. ನಮ್ಮೂರುಗಳಲ್ಲಿ ಕೇರಿ ಕೇರಿಯಾಗಿ ಬದುಕಿದಂತೆ ಅಲ್ಲೂ ಒಂದೇ ಸೂರಿನಡಿ ಬೇರೆ ಬೇರೆ ಕೇರಿಗಳು. ಗ್ರೇಬರ್ನ್ ಅವರನ್ನು ನೆನೆಯುವ ಲೇಖನಗಳು ಇದನ್ನು ಸಾಮಾನ್ಯವಾಗಿ ಮುಚ್ಚಿಡುತ್ತವೆ. ಮುಚ್ಚಿಟ್ಟರೆ ಮುಂದೆ ಅವರು ಮಾಡಿದ್ದರ ತೂಕ ನಮಗೆ ಸರಿಯಾಗಿ ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ.

1941ರ ಡಿಸೆಂಬರ್ 8ರಂದು ಜಪಾನೀಯರು ಹಾಂಗ್‌ಕಾಂಗ್ ಮೇಲೆ ಬಿದ್ದರು. ಹದಿನೆಂಟು ದಿನಗಳ ಕಾಳಗ. ಕಾದಿದವರಲ್ಲಿ ಬ್ರಿಟಿಷ್, ಕೆನಡಾ ಪಡೆಗಳ ಜೊತೆಗೆ ಭಾರತದ ಎರಡು ಬೆಟಾಲಿಯನ್ನುಗಳಿದ್ದವು, 7ನೇ ರಾಜಪೂತ ರೆಜಿಮೆಂಟಿನದೊಂದು, 14ನೇ ಪಂಜಾಬ್ ರೆಜಿಮೆಂಟಿನದೊಂದು. ಬ್ಯಾಂಕಿನ, ಕಂಪನಿಗಳ ಕಿರಿಯ ನೌಕರರು ಊರಿನ ಸ್ವಯಂಸೇವಕ ದಳದಲ್ಲಿ ಬಂದೂಕು ಹಿಡಿದಿದ್ದರು. ಕ್ರಿಸ್ಮಸ್ ದಿನ ಊರು ಶರಣಾಯಿತು. ಸಿಂಹಗಳ ಮೈಮೇಲೆ ಸಿಡಿಗುಂಡಿನ ಚೂರು ತಾಗಿದ ಗುರುತುಗಳು ಇಂದಿಗೂ ಇವೆ.

ಬ್ಯಾಂಕಿನ ಆಡಳಿತ ಅಷ್ಟರಲ್ಲಿ ಲಂಡನ್ನಿಗೆ ದಾಟಿತ್ತು. ಆ ಏರ್ಪಾಟಿನ ಯೋಚನೆ ಮೊದಲೇ ನಡೆದಿತ್ತು. ಲಂಡನ್ನಿನಲ್ಲಿ ಆರ್ಥರ್ ಮೋರ್ಸ್ ಚುಕ್ಕಾಣಿ ಹಿಡಿದರು. ಬ್ಯಾಂಕು ಉಳಿಯಿತು. ಅದನ್ನು ಉಳಿಸಿದ ಮುಖ್ಯಸ್ಥ ಮಾತ್ರ ಹಾಂಗ್‌ಕಾಂಗಿನಲ್ಲೇ ಸಿಕ್ಕಿಬಿದ್ದರು.

ಹೆಚ್ಚಿನ ಬ್ರಿಟಿಷ್ ನಾಗರಿಕರನ್ನು ಜಪಾನೀಯರು ದ್ವೀಪದ ದಕ್ಷಿಣದ ಸ್ಟ್ಯಾನ್ಲಿ ಶಿಬಿರದಲ್ಲಿ ಕೂಡಿಹಾಕಿದರು. ಶಿಬಿರದಲ್ಲಿ ಎಲ್ಲ ಸೇರಿ ಸುಮಾರು 2,800 ಜನ. ಬ್ಯಾಂಕಿನವರನ್ನು ಮಾತ್ರ ಊರೊಳಗೇ ಇಟ್ಟುಕೊಂಡರು. ಕಡಲಂಚಿನ ಸುನ್ ಹ್ವಾ ಎಂಬ ಹರಕುಮುರುಕು ಹೋಟೆಲಿನಲ್ಲಿ ಸಂಸಾರ ಸಮೇತ ವಾಸ. ಬೆಳಗಾದರೆ ಸಾಲಾಗಿ ನಡೆದು ಬ್ಯಾಂಕಿಗೆ ಹೋಗಬೇಕು, ಜಪಾನೀ ಅಧಿಕಾರಿಗಳ ಮುಂದೆ ಕೂತು ತಮ್ಮ ಬ್ಯಾಂಕನ್ನು ತಾವೇ ಬರಖಾಸ್ತು ಮಾಡುವ ಲೆಕ್ಕ ಬರೆಯಬೇಕು. ಗ್ರೇಬರ್ನ್ ಕಟ್ಟಿಸಿದ ಭವ್ಯ ಕಟ್ಟಡವೇ ಈಗ ಜಪಾನೀ ಗವರ್ನರನ ಆಡಳಿತ ಕೇಂದ್ರ.

ತಿಜೋರಿಯಲ್ಲಿ ಚಲಾವಣೆಗೆ ಬಿಡದ ನೋಟುಗಳ ಕಂತೆಗಳಿದ್ದವು. ಅಚ್ಚಾಗಿವೆ, ಅಧಿಕಾರಿಯ ಸಹಿ ಬಿದ್ದಿಲ್ಲ. ಸಹಿಯಿಲ್ಲದ ನೋಟು ಬರಿ ಕಾಗದ. ಜಪಾನೀಯರು ಬ್ಯಾಂಕ್ ಅಧಿಕಾರಿಗಳನ್ನು ಕೂರಿಸಿ ಬಲವಂತದಿಂದ ಸಹಿ ಹಾಕಿಸಿದರು. ಹೀಗೆ ಹೊರಬಿದ್ದ ನೋಟುಗಳ ಮೊತ್ತ ಸುಮಾರು 12 ಕೋಟಿ ಹಾಂಗ್‌ಕಾಂಗ್ ಡಾಲರ್. ನಿಯಮದಂತೆ ಬ್ಯಾಂಕು ಹೊಸ ನೋಟು ಬಿಡಬೇಕಾದರೆ ಅಷ್ಟೇ ಬೆಲೆಯ ಆಸ್ತಿಯನ್ನು ಸರ್ಕಾರದ ಬಳಿ ಈಡಿಡಬೇಕು. ಇವುಗಳ ಹಿಂದೆ ಈಡು ಎಂಬುದೇ ಇರಲಿಲ್ಲ. ಜಪಾನೀಯರು ಅವುಗಳಿಂದ ತಮಗೆ ಬೇಕಾದ ಸಾಮಾನು ಕೊಂಡರು.

ಹಗಲು ಇಂಥ ಸಹಿ. ಅದರ ಜೊತೆಗೇ ಇನ್ನೊಂದು ಕೆಲಸ ಗುಟ್ಟಾಗಿ ಸಾಗಿತ್ತು.

ಸ್ಟ್ಯಾನ್ಲಿ ಶಿಬಿರದಲ್ಲಿ ಊಟವೆಂದರೆ ಒಂದಿಷ್ಟು ಅನ್ನ, ನೀರು ಸಾರು. ಬೆರಿಬೆರಿ, ಪೆಲಾಗ್ರಾದಂಥ ಪೌಷ್ಟಿಕತೆಯ ಕೊರತೆಯ ಕಾಯಿಲೆಗಳು ಹರಡಿದವು. ಕೈಯಲ್ಲಿ ಕಾಸಿದ್ದರೆ ಶಿಬಿರದ ಅಂಗಡಿಯಲ್ಲೋ ಕಾಳಸಂತೆಯಲ್ಲೋ ಒಂದಿಷ್ಟು ಸಕ್ಕರೆ, ಎಣ್ಣೆ, ಸೋಯಾ ಸಿಗುತ್ತಿತ್ತು. ಇಲ್ಲದಿದ್ದರೆ ಇಲ್ಲ. ಶಿಬಿರದ ಹೊರಗೂ ಕಷ್ಟವೇ. ಯುದ್ಧಕೈದಿಗಳಾದ ಸ್ವಯಂಸೇವಕರ ಹೆಂಡತಿ ಮಕ್ಕಳಲ್ಲಿ ಎಷ್ಟೋ ಮಂದಿ ಚೀನೀಯರು, ಪೋರ್ಚುಗೀಸರು, ಮಿಶ್ರ ಕುಲದವರು. ಅವರನ್ನು ಶಿಬಿರಕ್ಕೂ ಸೇರಿಸಿರಲಿಲ್ಲ, ಸಂಬಳವೂ ನಿಂತಿತ್ತು. ವೈದ್ಯಕೀಯ ನಿರ್ದೇಶಕ ಡಾ. ಸೆಲ್ವಿನ್ ಸೆಲ್ವಿನ್-ಕ್ಲಾರ್ಕ್ ಜಪಾನೀಯರ ಅನುಮತಿಯಿಂದಲೇ ಹೊರಗುಳಿದು, ಆ ಅನುಮತಿಯ ಮರೆಯಲ್ಲಿ ಔಷಧ, ಆಹಾರ ಕಳಿಸುವ ಒಂದು ಜಾಲ ಹೆಣೆದಿದ್ದರು. ಜಾಲಕ್ಕೆ ಬೇಕಾದದ್ದು ಹಣ. ಹಣ ಎತ್ತುವುದು ಬ್ಯಾಂಕಿನವರಿಗೆ ಗೊತ್ತು.

ಯುದ್ಧ ಮುಗಿದ ಮೇಲೆ ಬ್ಯಾಂಕು ತೀರಿಸುತ್ತದೆ ಎಂಬ ಮಾತಿನ ಮೇಲೆ ಊರಿನ ನಂಬಿಕಸ್ಥರಿಂದ ಸಾಲ ತಂದರು. ಬ್ಯಾಂಕಿನ ಹೆಸರು ಹೇಳಿ ಸಾಲ ಕೇಳುವವರ ಸ್ಥಿತಿ ನೋಡಿ. ಅವರ ಬ್ಯಾಂಕು ಬರಖಾಸ್ತಾಗುತ್ತಿದೆ, ಕಟ್ಟಡದ ಮೇಲೆ ಶತ್ರುವಿನ ಬಾವುಟ, ಯುದ್ಧವನ್ನು ಯಾರು ಗೆಲ್ಲುತ್ತಾರೋ ತಿಳಿಯದು. ಅಡಮಾನವಿಲ್ಲ, ಸಾಕ್ಷಿಯಿಲ್ಲ. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟ ಸೇವೆಯಲ್ಲಿ ಗ್ರೇಬರ್ನ್ ಇಂಥ ಸಾಲದ ಅರ್ಜಿಯನ್ನು ಎಷ್ಟು ಸಲ ತಿರಸ್ಕರಿಸಿದ್ದರೋ. ಈಗ ತಾವೇ ಅರ್ಜಿದಾರರು. ಕೊಟ್ಟವರು ಕೊಟ್ಟರು. ಅವರೂ ಜೀವವನ್ನೇ ಒತ್ತೆಯಿಟ್ಟು ಕೊಟ್ಟದ್ದು.

1943ರ ಮೊದಲ ತಿಂಗಳುಗಳಲ್ಲಿ ಜಾಲಕ್ಕೆ ಪೆಟ್ಟು ಬಿತ್ತು. ಊರಿನ ಆಸ್ಪತ್ರೆಗೆ ಬಂದು ಶಿಬಿರಕ್ಕೆ ಮರಳುತ್ತಿದ್ದ ವೈದ್ಯರೊಬ್ಬರ ಬಳಿ ಹಣ ಸಿಕ್ಕಿತು. ಯಾರದು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಬಾಯಿ ಬಿಡಿಸುವ ವಿದ್ಯೆ ಕೆಂಪೈತಾಯ್ ಎಂಬ ಜಪಾನೀ ಸೈನಿಕ ಪೊಲೀಸರಿಗೆ ಚೆನ್ನಾಗಿ ಗೊತ್ತಿತ್ತು. ಆಗ ಗ್ರೇಬರ್ನ್ ತಮ್ಮ ಸಹೋದ್ಯೋಗಿಯೊಬ್ಬರ ಜೊತೆ ತಾವಾಗಿಯೇ ಹೋಗಿ, ಆ ಹಣ ನಾವು ಕಳಿಸಿದ್ದು ಎಂದರು. ಬಂಧನ ಆಗಲೇ ಆಗಲಿಲ್ಲ. ಮಾರ್ಚ್‌ನಲ್ಲಿ ಆಯಿತು. ಮೇ ತಿಂಗಳಲ್ಲಿ ಸೆಲ್ವಿನ್-ಕ್ಲಾರ್ಕ್ ಅವರನ್ನೂ ಹಿಡಿದರು. ಗ್ರೇಬರ್ನ್ ಅವರಿಗಾದ ಶಿಕ್ಷೆ ಕೆಲವು ತಿಂಗಳ ಸೆರೆ. ಮರಣದಂಡನೆಯಲ್ಲ. ಸ್ಟ್ಯಾನ್ಲಿ ಜೈಲಿನಲ್ಲಿ ಊಟವಿಲ್ಲದೆ, ಕಾಯಿಲೆಗೆ ಮದ್ದಿಲ್ಲದೆ ಆ ಕೆಲವು ತಿಂಗಳೇ ಸಾಕಾದವು. ಆಗಸ್ಟ್‌ನಲ್ಲಿ ತೀರಿಕೊಂಡರು. ಅವರು ಉಳಿಸಲು ಹೊರಟ ಶಿಬಿರ ಜೈಲಿನ ಗೋಡೆಗೆ ತಾಗಿಕೊಂಡೇ ಇತ್ತು.

ಮಿಶ್ರ ಕುಲದ ಹೆಣ್ಣನ್ನು ಮದುವೆಯಾದ ಕಿರಿಯ ಅಧಿಕಾರಿಯನ್ನು ಬ್ಯಾಂಕಿನಲ್ಲಿ ಉಳಿಸಿಕೊಳ್ಳಲು ಒಪ್ಪದ ಮನುಷ್ಯ ಈತ. ಆ ಹಣದಿಂದ ಬದುಕಿದ ಸಂಸಾರಗಳಲ್ಲಿ ಅಂಥವೇ ಎಷ್ಟೋ ಇದ್ದವು. ಅವರ ಮನಸ್ಸು ಬದಲಾಗಿತ್ತೆಂದು ನಾನು ಹೇಳಲಾರೆ. ಹಣ ಹೋಗಿ ಮುಟ್ಟಿತ್ತು ಎಂದಷ್ಟೇ ಹೇಳಬಲ್ಲೆ.

ಗ್ರೇಬರ್ನ್ ಒಬ್ಬರೇ ಅಲ್ಲ. ಬ್ಯಾಂಕಿನ ಹಾಂಗ್‌ಕಾಂಗ್ ಮ್ಯಾನೇಜರ್ ಡೇವಿಡ್ ಎಡ್ಮಂಡ್‌ಸ್ಟನ್ ಅವರನ್ನೂ 1943ರಲ್ಲಿ ಬಂಧಿಸಿದರು. ಒಂದು ವರ್ಷದ ನಂತರ, 1944ರ ಆಗಸ್ಟ್‌ನಲ್ಲಿ, ಅದೇ ಜೈಲಿನಲ್ಲಿ ಅದೇ ರೀತಿಯಲ್ಲಿ ಅವರೂ ಸತ್ತರು. ಚಾರ್ಲ್ಸ್ ಹೈಡ್ ಎಂಬ ಇನ್ನೊಬ್ಬ ಅಧಿಕಾರಿ ಹಣದ ಜೊತೆಗೆ ಸುದ್ದಿಯನ್ನೂ ಸಾಗಿಸುತ್ತಿದ್ದರು. ಅವರಿಗೆ ಮರಣದಂಡನೆಯಾಯಿತು. 1943ರ ಅಕ್ಟೋಬರ್ 29ರಂದು ಸ್ಟ್ಯಾನ್ಲಿಯ ಕಡಲ ದಂಡೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ತಲೆ ಕಡಿದರು. ಬ್ರಿಟಿಷರು, ಚೀನೀಯರು, ಭಾರತೀಯರು ಎಲ್ಲರೂ ಆ ಸಾಲಿನಲ್ಲಿದ್ದರು. ರಾಜಪೂತ ರೆಜಿಮೆಂಟಿನ ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ ಅವರಲ್ಲೊಬ್ಬರು. ಹೈದರಾಬಾದ್ ನಿಜಾಮರ ಬಂಧುವರ್ಗದವರು. ಆಗ ನಮ್ಮ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಆ ಸಂಸ್ಥಾನದಲ್ಲೇ ಇದ್ದವು. ಬ್ರಿಟಿಷರ ವಿರುದ್ಧ ನಿಲ್ಲು, ಭಾರತೀಯ ಸೈನಿಕರ ಮನಸ್ಸು ತಿರುಗಿಸು ಎಂದು ಜಪಾನೀಯರು ಚಿತ್ರಹಿಂಸೆ ಕೊಟ್ಟರೂ ಅನ್ಸಾರಿ ಜಗ್ಗಲಿಲ್ಲ. ಮರಣಾನಂತರ ಜಾರ್ಜ್ ಕ್ರಾಸ್ ಕೊಟ್ಟರು. ಹೀಗೆ ಬ್ಯಾಂಕಿನ ಅಧಿಕಾರಿಯೊಬ್ಬರ ಮತ್ತು ದಖ್ಖನಿನ ಸೇನಾಧಿಕಾರಿಯೊಬ್ಬರ ಸಾವು ಒಂದೇ ದಿನ, ಒಂದೇ ಮರಳಿನಲ್ಲಿ ಆದವು.

ಬ್ಯಾಂಕುಗಳು ತಮ್ಮ ಸತ್ತವರನ್ನು ಮರೆಯುವ ಸಂಸ್ಥೆಗಳೇನಲ್ಲ. ಮೊದಲ ಮಹಾಯುದ್ಧದಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತರದೇ ಒಂದು ಬೆಟಾಲಿಯನ್ ಇತ್ತು, ರಾಯಲ್ ಫ್ಯೂಸಿಲಿಯರ್ಸ್‌ನ 26ನೆಯದು. ಅವರು ಬಿಟ್ಟುಹೋದ ಕುರ್ಚಿಗಳಲ್ಲಿ ಹೆಂಗಸರು ಬಂದು ಕೂತರು. ಯುದ್ಧ ಮುಗಿದ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಅಂಗಳದ ತೋಟದಲ್ಲಿ ಸಂತ ಕ್ರಿಸ್ಟೊಫರನ ಕಂಚಿನ ಪ್ರತಿಮೆ ನಿಲ್ಲಿಸಿತು. ಕೆನಡಿಯನ್ ಬ್ಯಾಂಕ್ ಆಫ್ ಕಾಮರ್ಸ್ ತನ್ನ ನೌಕರರು ರಣರಂಗದಿಂದ ಬರೆದ ಪತ್ರಗಳನ್ನು ಎರಡು ಸಂಪುಟಗಳಾಗಿ ಅಚ್ಚುಹಾಕಿಸಿತು. ಲೆಕ್ಕ ಬರೆಯುವ ಸಂಸ್ಥೆಗೆ ಹೆಸರು ಬರೆಯುವುದೂ ಒಲಿದಿರುತ್ತದೆ. ಯಾವ ಶಾಖೆ, ಯಾವ ವರ್ಷ ಸೇರಿದ, ಎಂದು ಹೊರಟ, ಎಂದು ಸತ್ತ ಎಲ್ಲವೂ ಪಕ್ಕಾ. ಆದರೆ ಆ ಪಟ್ಟಿಗೆ ಒಂದು ಅಂಕಣ ಬೇಕು, ಅಂಕಣಕ್ಕೆ ಸಮವಸ್ತ್ರ ಬೇಕು. ಸುನ್ ಹ್ವಾ ಹೋಟೆಲಿನ ಕೋಣೆಯಿಂದ ಯಾರದೋ ಸೊಂಟದಲ್ಲಿ ಹೋದ ಹಣದ ಗಂಟಿಗೆ ಯಾವ ಅಂಕಣ? ಅದನ್ನು ಹೊತ್ತೊಯ್ದ ಗುಮಾಸ್ತ, ಆಯಾ, ಲಾರಿ ಚಾಲಕ ಇವರಿಗೆಲ್ಲ ಹೆಸರು ಬರೆಸಿಕೊಳ್ಳದಿರುವುದೇ ರಕ್ಷಣೆಯಾಗಿತ್ತು.

1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾದ ಮೇಲೆ ಮೋರ್ಸ್ ಅವರ ಮುಂದೆ ಬಂದ ಕಗ್ಗಂಟುಗಳಲ್ಲಿ ಒಂದು, ಬಲವಂತದ ಸಹಿಯ ಆ ನೋಟುಗಳು. ಕಾನೂನಿನಂತೆ ಬ್ಯಾಂಕು ಕೈತೊಳೆದುಕೊಳ್ಳಬಹುದಿತ್ತು. ಸಹಿ ನಮ್ಮವರದು ಹೌದು, ಕೊರಳ ಮೇಲೆ ಕತ್ತಿಯಿಟ್ಟು ಹಾಕಿಸಿದ್ದು, ನಮಗೆ ಸಂಬಂಧವಿಲ್ಲ ಎನ್ನಬಹುದಿತ್ತು. ಹಾಗೆಂದಿದ್ದರೆ ಊರಿನ ತರಕಾರಿ ಮಾರುವವಳ ಕೈಯಲ್ಲಿದ್ದ ನೋಟೂ ರದ್ದಿಯಾಗುತ್ತಿತ್ತು. ಯಾರ ನೋಟು ಒಳ್ಳೆಯದು, ಯಾರದು ಕೆಟ್ಟದ್ದು ಎಂದು ಪೇಟೆಯಲ್ಲಿ ಬೆಲೆ ಏರಿಳಿಯತೊಡಗಿತ್ತು. 1946ರ ಏಪ್ರಿಲ್‌ನಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಬ್ಯಾಂಕು ಆ ನೋಟುಗಳನ್ನೆಲ್ಲ ಪೂರ್ತಿ ಬೆಲೆಗೆ ಒಪ್ಪಿಕೊಂಡಿತು. ನಷ್ಟದಲ್ಲಿ ಪಾಲು ಹೊತ್ತಿತು.

ಇದನ್ನು ಬರಿಯ ಔದಾರ್ಯ ಎಂದು ಹೊಗಳುವ ಅಗತ್ಯವಿಲ್ಲ. ನಂಬಿಕೆ ಹೋದರೆ ಬ್ಯಾಂಕಿಗೆ ಉಳಿಯುವುದು ಕಟ್ಟಡ ಮಾತ್ರ ಎಂಬುದು ಮೋರ್ಸ್ ಅವರಿಗೆ ಗೊತ್ತಿತ್ತು. ಲಾಭ ಬಡವರಿಗಷ್ಟೇ ಆಗಲೂ ಇಲ್ಲ. ಅರ್ಧ ಬೆಲೆಗೂ ಕಡಿಮೆಗೆ ಆ ನೋಟುಗಳನ್ನು ಕಲೆಹಾಕಿ ಕಾದು ಕೂತಿದ್ದ ಜೂಜುಕೋರರೂ ದುಡ್ಡು ಮಾಡಿಕೊಂಡರು. ಆದರೂ ಕಲ್ಲು, ಕಂಚಿನ ಸ್ಮಾರಕಗಳಿಗಿಂತ ಆ ನಿರ್ಧಾರವೇ ಗ್ರೇಬರ್ನ್, ಎಡ್ಮಂಡ್‌ಸ್ಟನ್, ಹೈಡ್ ಅವರಿಗೆ ಸಂದ ದೊಡ್ಡ ಗೌರವ ಎಂದು ನನಗನ್ನಿಸುತ್ತದೆ. ಅವರು ಸೆರೆಯಲ್ಲಿದ್ದಾಗ ಬ್ಯಾಂಕಿನ ಹೆಸರಿನಲ್ಲಿ ಎರಡು ಬಗೆಯ ಮಾತು ಹೊರಗೆ ಹೋಗಿದ್ದವು. ಒಂದು ಇಷ್ಟವಿಲ್ಲದೆ ಹಾಕಿದ ಸಹಿ. ಇನ್ನೊಂದು ಸಹಿಯೇ ಇಲ್ಲದ, ಇಷ್ಟಪಟ್ಟು ಕೊಟ್ಟ ಮಾತು. ಎರಡಕ್ಕೂ ಬೆಲೆ ಬಂದದ್ದು ಊರು ಬ್ಯಾಂಕನ್ನು ನಂಬಿದ್ದರಿಂದ.

ಸಿಂಹಗಳೂ ಹಿಂದಿರುಗಿದವು. ಕರಗಿಸಿ ಲೋಹ ಮಾಡಲೆಂದು ಜಪಾನೀಯರು ಅವನ್ನು ಹಡಗೇರಿಸಿದ್ದರು. ಒಸಾಕಾ ಹಡಗುಕಟ್ಟೆಯಲ್ಲಿ ಅಮೆರಿಕದ ನಾವಿಕನೊಬ್ಬ ಗುರುತು ಹಿಡಿದ. 1946ರಲ್ಲಿ ಮತ್ತೆ ಬ್ಯಾಂಕಿನ ಬಾಗಿಲಿಗೆ ಬಂದವು. ಗ್ರೇಬರ್ನ್ ಕಟ್ಟಿಸಿದ ಕಟ್ಟಡವನ್ನು 1980ರ ದಶಕದಲ್ಲಿ ಕೆಡವಿ ನಾರ್ಮನ್ ಫಾಸ್ಟರ್ ವಿನ್ಯಾಸದ ಉಕ್ಕಿನ ಕಟ್ಟಡ ಎಬ್ಬಿಸಿದರು. ಸಿಂಹಗಳು ಅಲ್ಲೇ ಇವೆ, ಪ್ರವಾಸಿಗರು ಅವುಗಳ ಪಂಜ ಸವರಿ ಅದೃಷ್ಟ ಕೇಳುತ್ತಾರೆ. ಆರ್ನೆಮ್‌ನ ಹಳೆಯ ಸೇತುವೆಯೂ ಈಗಿಲ್ಲ. ಕಾಳಗ ಮುಗಿದ ಮರು ತಿಂಗಳೇ ಅಮೆರಿಕದ ಬಾಂಬರುಗಳು ಅದನ್ನು ಉರುಳಿಸಿದವು. ಅದೇ ಆಕಾರದಲ್ಲಿ ಮತ್ತೆ ಕಟ್ಟಿದ ಸೇತುವೆಗೆ ಜಾನ್ ಫ್ರಾಸ್ಟ್ ಹೆಸರಿದೆ.

ಸರ್ ವ್ಯಾಂಡಲರ್ ಅವರ ಗೋರಿ ಇರುವುದು ಸ್ಟ್ಯಾನ್ಲಿಯ ಸೈನಿಕ ಸ್ಮಶಾನದಲ್ಲಿ. ಇನ್ನು ಬಲವಂತದ ಸಹಿಯ ಆ ನೋಟುಗಳಿಗೆ ಹರಾಜಿನಲ್ಲಿ ಬೇರೆಯದೇ ಪಟ್ಟಿಯಿದೆ. ಸಂಗ್ರಾಹಕರು ಕ್ರಮಸಂಖ್ಯೆ ನೋಡಿ, ಇದು ಜಪಾನೀಯರ ಕಾಲದಲ್ಲಿ ಹೊರಬಿದ್ದದ್ದು ಎಂದು ಗುರುತಿಸಿ, ಅದಕ್ಕೆಂದೇ ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರೆ.